ಪ್ರಶ್ನೆಯನ್ನು ಓದುವ ಬಗೆ: ವೈದ್ಯಕೀಯ ಪ್ರವೇಶದ ಆತ್ಮಕಥನ ಪ್ರಬಂಧಗಳು



ವೈದ್ಯಕೀಯಕ್ಕೂ ಬರವಣಿಗೆಗೂ ಸಂಬಂಧಪಟ್ಟ ಒಂದು ವಿಷಯದ ಮೇಲೆ ವರ್ಷಕ್ಕೊಮ್ಮೆ ಉಪನ್ಯಾಸ ನಡೆಯಬೇಕೆಂಬುದು ವೈದ್ಯ ಕುಟುಂಬವೊಂದು ಸ್ಥಾಪಿಸಿದ ಈ ದತ್ತಿಯ ಆಶಯ. ಕನ್ನಡದಲ್ಲಿ ಇವೆರಡೂ ಬಹಳ ಹಿಂದಿನಿಂದ ಜೊತೆಯಾಗಿ ನಡೆದಿವೆ. ‘ಕೊರವಂಜಿ’ ಪತ್ರಿಕೆ ನಡೆಸಿದ ಎಂ. ಶಿವರಾಂ (ರಾಶಿ) ವೈದ್ಯರು. ಅನುಪಮಾ ನಿರಂಜನ ಅವರೂ ವೈದ್ಯೆ. ಆದರೆ ನಾನು ಇವತ್ತು ಆರಿಸಿಕೊಂಡಿರುವುದು ಬರಹಗಾರರಾದ ವೈದ್ಯರನ್ನಲ್ಲ, ಇನ್ನೂ ವೈದ್ಯರಾಗದ ಹುಡುಗ ಹುಡುಗಿಯರು ಬರೆಯಬೇಕಾದ ಒಂದು ಪುಟ್ಟ ಬರಹವನ್ನು. ಅಮೆರಿಕ, ಕೆನಡಾ, ಬ್ರಿಟನ್ನುಗಳಲ್ಲಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವವರು ಅಂಕಪಟ್ಟಿಯ ಜೊತೆಗೆ ತಮ್ಮ ಬದುಕಿನ ಬಗ್ಗೆಯೂ ಬರೆದು ಕೊಡಬೇಕು. ಆ ದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡ ಮನೆಗಳ ಮಕ್ಕಳು ಪ್ರತಿ ವರ್ಷ ಈ ಪ್ರಶ್ನೆಗಳ ಮುಂದೆ ಕೂರುತ್ತಾರೆ. ಸಂಬಂಧಿಕರ, ಹಳೆಯ ವಿದ್ಯಾರ್ಥಿಗಳ ಮಕ್ಕಳು ತಮ್ಮ ಕರಡುಗಳನ್ನು ನನಗೆ ಕಳಿಸುವ ರೂಢಿಯಿದೆ. ಅವನ್ನು ಓದುತ್ತ ಹೋದಂತೆ ಒಂದು ಮಾತು ನನಗೆ ಖಚಿತವಾಗಿದೆ. ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಬರೆಯಲು ಬರುತ್ತದೆ. ಅವರು ತಡವರಿಸುವುದು ಪ್ರಶ್ನೆಯನ್ನು ಓದುವಲ್ಲಿ.

1. ಕೇಳುವುದು ಏನು, ಎಷ್ಟು

ಮೊದಲು ವ್ಯವಸ್ಥೆಯ ಪರಿಚಯ. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆ ವೈದ್ಯಕೀಯ ಶಿಕ್ಷಣ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘ 1876ರಲ್ಲಿ ಹುಟ್ಟಿದ್ದು. ಎಂ.ಡಿ. ಪದವಿ ಕೊಡುವ ಬಹುಪಾಲು ಕಾಲೇಜುಗಳಿಗೆ ಆ ಸಂಘದ ಎಎಂಸಿಎಎಸ್ ಎಂಬ ಸೇವೆಯ ಮೂಲಕ ಒಂದೇ ಅರ್ಜಿ ಹೋಗುತ್ತದೆ. ಅದರಲ್ಲಿರುವ ಮುಖ್ಯ ಪ್ರಶ್ನೆ ಒಂದೇ ಸಾಲಿನದು: ವೈದ್ಯಕೀಯ ಕಾಲೇಜಿಗೆ ಏಕೆ ಸೇರಬೇಕೆಂದಿದ್ದೀರಿ, ವಿವರಿಸಿ. ಉತ್ತರಕ್ಕೆ ಕೊಟ್ಟಿರುವ ಜಾಗ, ಪದಗಳ ನಡುವಿನ ಖಾಲಿ ಸ್ಥಳವೂ ಸೇರಿ, 5,300 ಅಕ್ಷರ. ಇಂಗ್ಲಿಷಿನಲ್ಲಿ ಅದು ಸುಮಾರು ಒಂದೂವರೆ ಪುಟ.

ಇದಲ್ಲದೆ ಕೆಲಸ, ಸೇವೆ, ಸಂಶೋಧನೆ, ಹವ್ಯಾಸ ಎಂದು 15 ಅನುಭವಗಳವರೆಗೆ ನಮೂದಿಸಬಹುದು. ಪ್ರತಿಯೊಂದಕ್ಕೂ 700 ಅಕ್ಷರದ ಮಿತಿ. ಅವುಗಳಲ್ಲಿ ಮೂರನ್ನು ಅತ್ಯಂತ ಅರ್ಥಪೂರ್ಣವೆಂದು ಗುರುತಿಸಿದರೆ ಆ ಮೂರಕ್ಕೆ ಮತ್ತೆ 1,325 ಅಕ್ಷರಗಳಷ್ಟು ಜಾಗ ಸಿಗುತ್ತದೆ. ಇಷ್ಟು ಮುಗಿದ ಮೇಲೆ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆಗಳನ್ನು ಕಳಿಸುತ್ತದೆ. ಇವಕ್ಕೆ ಸೆಕೆಂಡರಿ ಪ್ರಬಂಧಗಳು ಎನ್ನುತ್ತಾರೆ. ಇಪ್ಪತ್ತು ಕಾಲೇಜಿಗೆ ಅರ್ಜಿ ಹಾಕಿದ ಹುಡುಗಿಗೆ ಬೇಸಿಗೆಯಿಡೀ ಬರೆಯುವುದೇ ಕೆಲಸ.

ಕೆನಡಾದ ಒಂಟಾರಿಯೊ ಪ್ರಾಂತದ ಅರ್ಜಿಯಲ್ಲಿ ಆತ್ಮಕಥನದ ಸಂಕ್ಷಿಪ್ತ ಪಟ್ಟಿ ಎಂಬ ಭಾಗವೇ ಇದೆ. ಹದಿನಾರನೇ ವಯಸ್ಸಿನಿಂದ ಈಚೆಗೆ ಮಾಡಿದ್ದನ್ನು ಅಲ್ಲಿ ಬರೆದು, ಆ ಮಾತು ನಿಜವೆಂದು ಹೇಳಬಲ್ಲ ವ್ಯಕ್ತಿಗಳ ಹೆಸರನ್ನೂ ಕೊಡಬೇಕು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಹಾಕುವ ಯುಕಾಸ್ ಅರ್ಜಿಯಲ್ಲಿ 4,000 ಅಕ್ಷರಗಳ ಒಂದೇ ಪ್ರಬಂಧವಿತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ, ನಿಮ್ಮ ಓದು ಇದಕ್ಕೆ ಹೇಗೆ ಸಿದ್ಧಮಾಡಿದೆ, ಓದಿನ ಹೊರಗೆ ಏನು ಸಿದ್ಧತೆ ಮಾಡಿಕೊಂಡಿದ್ದೀರಿ. ಒಟ್ಟು ಅಕ್ಷರಗಳ ಮಿತಿ ಹಾಗೇ ಇದೆ. ಈ ಬದಲಾವಣೆಯಲ್ಲಿ ನಮಗೊಂದು ಸುಳಿವಿದೆ. ವಿಶಾಲವಾದ ಖಾಲಿ ಜಾಗ ಕೊಟ್ಟು ‘ನಿಮ್ಮ ಬಗ್ಗೆ ಬರೆಯಿರಿ’ ಎಂದರೆ, ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಮನೆಯಲ್ಲಿ, ಶಾಲೆಯಲ್ಲಿ ಇರುವವರಿಗೇ ಅನುಕೂಲ. ಪ್ರಶ್ನೆ ಸ್ಪಷ್ಟವಾದಷ್ಟೂ ಹೇಳಿಕೊಡುವವರಿಲ್ಲದ ವಿದ್ಯಾರ್ಥಿಗೆ ನೆರವಾಗುತ್ತದೆ.

2. ಪ್ರಶ್ನೆಯ ಹಿಂದಿನ ಪ್ರಶ್ನೆ

ಏಕೆ ಕೇಳುತ್ತಾರೆ? ಅಮೆರಿಕದ ಕಾಲೇಜುಗಳು ಅಭ್ಯರ್ಥಿಯ ಅಂಕ, ಅನುಭವ, ಗುಣ ಈ ಮೂರನ್ನೂ ಒಟ್ಟಿಗೆ ನೋಡುತ್ತೇವೆ ಎನ್ನುತ್ತವೆ. ಅಲ್ಲಿನ ಕಾಲೇಜುಗಳ ಸಂಘ ವೈದ್ಯಕೀಯ ವಿದ್ಯಾರ್ಥಿಯಾಗಲು ಬೇಕಾದ 17 ಸಾಮರ್ಥ್ಯಗಳನ್ನು ಪಟ್ಟಿಮಾಡಿದೆ. ಅವುಗಳಲ್ಲಿ ವಿಜ್ಞಾನದ ತಿಳಿವಳಿಕೆ ಇದೆ. ಜೊತೆಗೆ ನಂಬಿಕೆಗೆ ಅರ್ಹವಾದ ನಡತೆ, ಸಹಾನುಭೂತಿ, ತಂಡದಲ್ಲಿ ದುಡಿಯುವ ಶಕ್ತಿ, ಸೋಲಿನಿಂದ ಎದ್ದು ನಿಲ್ಲುವ ಗಟ್ಟಿತನ, ತನ್ನನ್ನು ತಾನು ಅವಲೋಕಿಸಿಕೊಳ್ಳುವ ಅಭ್ಯಾಸ ಇವೂ ಇವೆ. ಇವನ್ನು ಬಹು ಆಯ್ಕೆಯ ಪರೀಕ್ಷೆಯಲ್ಲಿ ಅಳೆಯುವುದು ಕಷ್ಟ. ಅದಕ್ಕೇ ಪ್ರಬಂಧ.

ಈ ಬಗೆಯ ಪ್ರಶ್ನೆಗಳಿಗೆ ಕರಾಳ ಇತಿಹಾಸವೂ ಇದೆ, ಅದನ್ನು ಮರೆಯಬಾರದು. ಎರಡು ಮಹಾಯುದ್ಧಗಳ ನಡುವಿನ ದಶಕಗಳಲ್ಲಿ ಅಮೆರಿಕದ ಹಲವು ವೈದ್ಯಕೀಯ ಕಾಲೇಜುಗಳು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಒಳಗಿಂದೊಳಗೆ ಮಿತಿ ಹಾಕಿದ್ದವು. ಕುಲ, ಮನೆತನ, ‘ಚಾರಿತ್ರ್ಯ’ ಕುರಿತ ಪ್ರಶ್ನೆಗಳು ಆಗ ಬಾಗಿಲು ಮುಚ್ಚಲು ನೆರವಾದವು. ಹೀಗಾಗಿ ಬದುಕಿನ ಬಗ್ಗೆ ಕೇಳುವ ಪ್ರಶ್ನೆ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಯಾರು, ಯಾವ ಉದ್ದೇಶದಿಂದ, ಯಾವ ಅಳತೆಗೋಲಿಟ್ಟುಕೊಂಡು ಓದುತ್ತಾರೆ ಎಂಬುದರ ಮೇಲೆ ಅದರ ನ್ಯಾಯ ನಿಂತಿದೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಬರೆದರೆ, ಅದರಿಂದ ಕಾಣುವ ಅವನ ಗುಣ, ಸಾಮರ್ಥ್ಯಗಳನ್ನು ಕಾಲೇಜು ಗಮನಿಸಬಹುದು ಎಂದೂ ಅದೇ ತೀರ್ಪು ಹೇಳಿತು. ಅಲ್ಲಿಂದೀಚೆಗೆ ಪ್ರಬಂಧದ ತೂಕ ಇನ್ನೂ ಹೆಚ್ಚಿದೆ.

ಹಾಗಾದರೆ ಪ್ರಶ್ನೆಯ ಒಳಗಿರುವುದೇನು? ನನ್ನ ತಿಳಿವಳಿಕೆ ಇಷ್ಟು. ಮೇಲ್ನೋಟಕ್ಕೆ ಅದು ‘ನೀನು ಯಾರು’ ಎಂದು ಕೇಳುತ್ತದೆ. ಓದುವವರಿಗೆ ಬೇಕಾಗಿರುವುದು, ಇನ್ನೊಬ್ಬ ಮನುಷ್ಯನ ಎದುರು ನೀನು ಏನನ್ನು ಗಮನಿಸಿದೆ, ಏನು ತೀರ್ಮಾನಿಸಿದೆ, ಆಮೇಲೆ ಹೇಗೆ ನಡೆದುಕೊಂಡೆ ಎಂಬುದು. ನಾಳೆ ರೋಗಿಯ ಮುಂದೆ ಕೂತಾಗಲೂ ಮಾಡಬೇಕಾದ ಕೆಲಸ ಇವೇ ಮೂರು. ಈ ಮೂರೂ ಇಲ್ಲದ ಆತ್ಮಕಥನ ಎಷ್ಟೇ ಚೆಂದವಾಗಿದ್ದರೂ ಕೇಳಿದ್ದಕ್ಕೆ ಉತ್ತರವಾಗುವುದಿಲ್ಲ.

3. ನಾಲ್ಕು ಪ್ರಶ್ನೆಗಳು, ನಾಲ್ಕು ತಪ್ಪು ಓದುಗಳು

ಮೊದಲನೆಯದು ‘ಏಕೆ ವೈದ್ಯ’. ಕರಡುಗಳಲ್ಲಿ ಇದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ಎರಡು ಬಗೆ. ಒಂದು, ಚಿಕ್ಕಂದಿನಿಂದಲೂ ಆಸೆ. ಇನ್ನೊಂದು, ವಿಜ್ಞಾನದಲ್ಲಿ ಆಸಕ್ತಿ, ಜನರಿಗೆ ನೆರವಾಗುವ ಹಂಬಲ. ಎರಡೂ ನಿಜವಿರಬಹುದು. ಆದರೆ ಜನರಿಗೆ ನೆರವಾಗಲು ನರ್ಸ್ ಆಗಬಹುದು, ಮೇಷ್ಟ್ರಾಗಬಹುದು, ಆಶಾ ಕಾರ್ಯಕರ್ತೆಯಾಗಬಹುದು. ವಿಜ್ಞಾನದ ಆಸಕ್ತಿಗೆ ಪ್ರಯೋಗಾಲಯ ಇದೆ. ವೈದ್ಯನದೇ ಆದ ಹೊಣೆ ಬೇರೆ: ಅರ್ಧ ತಿಳಿದು ಅರ್ಧ ತಿಳಿಯದಿರುವ ಸ್ಥಿತಿಯಲ್ಲಿ ಚಿಕಿತ್ಸೆಯ ನಿರ್ಧಾರ ತೆಗೆದುಕೊಂಡು, ಅದರ ಫಲಕ್ಕೆ ಉತ್ತರ ಹೇಳುವುದು. ಆ ಹೊಣೆಯನ್ನು ಹತ್ತಿರದಿಂದ ಕಂಡ ಒಂದು ಸಂದರ್ಭ, ಕಂಡ ಮೇಲೂ ಅದು ತನಗೆ ಬೇಕೆನಿಸಿದ ಕಾರಣ, ಆ ಕಾರಣವನ್ನು ಪರೀಕ್ಷಿಸಿಕೊಳ್ಳಲು ಮಾಡಿದ ಕೆಲಸ. ಈ ಮೂರು ಸೇರಿದರೆ ಉತ್ತರ.

ಎರಡನೆಯದು ‘ನೀವು ಎದುರಿಸಿದ ಕಷ್ಟ’. ಕನ್ನಡ ಮನೆಯ ಮಕ್ಕಳಿಗೆ ಇದು ಬಹಳ ಕಠಿಣ ಅನಿಸುತ್ತದೆ. ‘ನಮಗೇನು ಕಷ್ಟವಿತ್ತು, ಅಪ್ಪ ಎಂಜಿನಿಯರು, ಮನೆಯಿದೆ, ಕಾರಿದೆ’ ಎಂದು ಕೈಚೆಲ್ಲುತ್ತಾರೆ. ಇಲ್ಲವೇ ಅಪ್ಪನ ಕಷ್ಟವನ್ನೇ ಬರೆಯುತ್ತಾರೆ: ಎರಡು ಸೂಟ್‌ಕೇಸ್ ಹಿಡಿದು ಬಂದದ್ದು, ಹಿಮದಲ್ಲಿ ನಡೆದು ಕೆಲಸಕ್ಕೆ ಹೋದದ್ದು. ಅದು ಗೌರವಿಸಬೇಕಾದ ಕತೆಯೇ. ಆದರೆ ಸೀಟು ಕೇಳುತ್ತಿರುವುದು ಅಪ್ಪನಲ್ಲ. ಇನ್ನು ಕೆಲವರು ಇಲ್ಲದ ನೋವನ್ನು ಹಿಗ್ಗಿಸುತ್ತಾರೆ. ದುಃಖದಲ್ಲಿ ಯಾರದು ದೊಡ್ಡದು ಎಂಬ ಸ್ಪರ್ಧೆ ಅಲ್ಲಿ ನಡೆಯುವುದಿಲ್ಲ. ತೊಡಕು ಬಂದಾಗ ಯಾರ ಸಹಾಯ ಕೇಳಿದಿರಿ, ಯಾವ ಅಭ್ಯಾಸ ಬಿಟ್ಟಿರಿ, ಯಾವುದನ್ನು ಬೆಳೆಸಿಕೊಂಡಿರಿ ಎಂದಷ್ಟೇ ಕೇಳುತ್ತಾರೆ. ರಸಾಯನಶಾಸ್ತ್ರದಲ್ಲಿ ನಪಾಸಾಗಿ, ಸಂಕೋಚ ಬಿಟ್ಟು ಅಧ್ಯಾಪಕರ ಬಾಗಿಲು ತಟ್ಟಿದ್ದೂ ಒಳ್ಳೆಯ ಉತ್ತರವೇ. ಕುಟುಂಬದ ಬಡತನ, ಕಾಯಿಲೆ, ಶಾಲೆಯ ಕೊರತೆಯಂಥ ನಿಜವಾದ ಅಡಚಣೆಗಳಿಗೆ ಎಎಂಸಿಎಎಸ್ ಅರ್ಜಿಯಲ್ಲಿ ಪ್ರತ್ಯೇಕವಾಗಿ 1,325 ಅಕ್ಷರದ ಐಚ್ಛಿಕ ಜಾಗವಿದೆ. ಅಂಥದ್ದಿಲ್ಲದವರು ಅದನ್ನು ತುಂಬಲೇಬೇಕೆಂದಿಲ್ಲ. ಬಿಟ್ಟುಬಿಡುವುದೂ ಪ್ರಾಮಾಣಿಕ ಉತ್ತರ.

ಮೂರನೆಯದು ‘ನಮ್ಮ ತರಗತಿಗೆ ನೀವು ಏನು ತರುತ್ತೀರಿ’. ಇದನ್ನು ಕಂಡ ಕೂಡಲೇ ನಮ್ಮ ಮಕ್ಕಳು ದೀಪಾವಳಿ, ಭರತನಾಟ್ಯ, ಕನ್ನಡ ಕೂಟದ ನಾಟಕ ಎಂದು ಪಟ್ಟಿಮಾಡುತ್ತಾರೆ. ಒಂದು ಉದಾಹರಣೆ ಕಲ್ಪಿಸಿಕೊಂಡು ನೋಡೋಣ. ನ್ಯೂಜೆರ್ಸಿಯ ಒಬ್ಬ ಹುಡುಗ. ಜೊತೆಯಲ್ಲಿ ಇರುವ ಅಜ್ಜಿಗೆ ಸಕ್ಕರೆ ಕಾಯಿಲೆ, ಇಂಗ್ಲಿಷ್ ಬಾರದು. ಅವನ ಮೊದಲ ಕರಡು ಹೀಗಿದೆ: ‘ಅಜ್ಜಿಯ ಜೊತೆ ಕ್ಲಿನಿಕ್ಕಿಗೆ ಹೋಗಿ ಅವರ ಮಾತನ್ನು ವೈದ್ಯರಿಗೆ ಹೇಳುತ್ತಿದ್ದೆ. ಎರಡು ಸಂಸ್ಕೃತಿಗಳನ್ನು ಬಲ್ಲ ನಾನು ಎಲ್ಲ ರೋಗಿಗಳನ್ನೂ ಅರ್ಥಮಾಡಿಕೊಳ್ಳಬಲ್ಲೆ.’

ಇದರಲ್ಲಿ ಸುಳ್ಳಿಲ್ಲ. ಆದರೆ ಅಜ್ಜಿಯೂ ಇಲ್ಲ. ಅದೇ ಹುಡುಗ ಇನ್ನೊಮ್ಮೆ ಕೂತು ಹೀಗೆ ಬರೆಯುತ್ತಾನೆ ಎನ್ನಿ: ‘ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾರಾ ಎಂದು ಡಾಕ್ಟರು ಕೇಳಿದರು. ಅಜ್ಜಿಯನ್ನು ಕೇಳದೆಯೇ ನಾನು ಹೌದು ಎಂದೆ. ಕಾರಿನಲ್ಲಿ ಅಜ್ಜಿ, “ಏನ್ ಕೇಳಿದ್ರೋ ಪುಟ್ಟ ಅವರು?” ಎಂದರು. ಹೇಳಿದೆ. “ಏಕಾದಶಿ ದಿನ ನಾನೆಲ್ಲಿ ತಗೋತೀನಿ? ಖಾಲಿ ಹೊಟ್ಟೇಲಿ ನುಂಗಿದ್ರೆ ತಲೆ ಸುತ್ತುತ್ತೆ” ಎಂದರು. ಅವತ್ತೇ ಕ್ಲಿನಿಕ್ಕಿಗೆ ಫೋನು ಮಾಡಿ ತಿಳಿಸಿದೆ. ಮುಂದಿನ ಸಲಕ್ಕೆ ಕನ್ನಡ ಬಲ್ಲ ದುಭಾಷಿ ಬೇಕೆಂದು ಕೇಳಿದೆ. ಆ ದಿನ ಉಪವಾಸದ ಬಗ್ಗೆ ಅಜ್ಜಿ ತಾವೇ ಡಾಕ್ಟರಿಗೆ ಹೇಳಿದರು. ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದರು.’

ಎರಡನೇ ಕರಡಿನಲ್ಲಿ ಸಂಸ್ಕೃತಿ ಎಂಬ ಮಾತೇ ಇಲ್ಲ. ಆದರೆ ಈ ಹುಡುಗ ತರಗತಿಗೆ ಏನನ್ನು ತರುತ್ತಾನೆಂದು ಓದುವವರಿಗೆ ಗೊತ್ತಾಗುತ್ತದೆ. ಮನೆಯವರ ಬಾಯಲ್ಲಿ ರೋಗಿಯ ಉತ್ತರ ಹೇಗೆ ತಪ್ಪಿಹೋಗುತ್ತದೆಂದು ಅವನಿಗೆ ಅನುಭವದಿಂದ ತಿಳಿದಿದೆ. ತಾನು ಹಿಂದೆ ಸರಿದು ರೋಗಿಗೆ ಮಾತು ಬಿಟ್ಟುಕೊಡುವುದು ಗೊತ್ತಿದೆ. ‘ಏನು ತರುತ್ತೀರಿ’ ಎಂಬ ಪ್ರಶ್ನೆ ಬಯಸುವುದು ಇಂಥ ಉಪಯುಕ್ತ ತಿಳಿವಳಿಕೆಯನ್ನು.

ನಾಲ್ಕನೆಯದು ‘ನಮ್ಮ ಕಾಲೇಜೇ ಏಕೆ’. ಕಾಲೇಜಿನ ಕೀರ್ತಿಯನ್ನು ಕಾಲೇಜಿಗೇ ವರ್ಣಿಸಿ ಹೇಳುವುದರಿಂದ ಪ್ರಯೋಜನವಿಲ್ಲ. ಅಲ್ಲಿನ ಕಲಿಕೆಯ ಕ್ರಮ, ಸುತ್ತಲ ಜನರ ಆರೋಗ್ಯದ ಸ್ಥಿತಿ, ತಾನು ಈವರೆಗೆ ಮಾಡಿದ ಕೆಲಸ ಇವು ಎಲ್ಲಿ ಕೂಡುತ್ತವೆಂದು ತೋರಿಸಿದರೆ ಸಾಕು. ಹೆಸರು ಬದಲಿಸಿ ಬೇರೆ ಕಾಲೇಜಿಗೂ ಕಳಿಸಬಹುದಾದ ಉತ್ತರ ಯಾವ ಕಾಲೇಜಿಗೂ ಉತ್ತರವಲ್ಲ.

4. ನಿಮ್ಮ ಕತೆಯಲ್ಲಿರುವ ಇತರರು

ಇನ್ನು ನನಗೆ ಬಹಳ ಮುಖ್ಯವೆನಿಸುವ ಸಂಗತಿ. ವೈದ್ಯಕೀಯ ಪ್ರವೇಶದ ಆತ್ಮಕಥನದಲ್ಲಿ ಯಾವಾಗಲೂ ಇನ್ನೊಬ್ಬರ ನೋವು ಇರುತ್ತದೆ. ಆಸ್ಪತ್ರೆಯಲ್ಲಿ ಕಂಡ ರೋಗಿ, ತೀರಿಕೊಂಡ ತಾತ, ಅಂಗವಿಕಲ ತಮ್ಮ. ಆ ನೋವಿನ ಮೇಲೆ ನಮ್ಮ ಹಕ್ಕು ಎಷ್ಟು?

ಬೇಸಿಗೆ ರಜೆಯಲ್ಲಿ ಕರ್ನಾಟಕಕ್ಕೆ ಬಂದು, ಹಳ್ಳಿಯ ಆರೋಗ್ಯ ಶಿಬಿರದಲ್ಲಿ ಕೆಲವು ದಿನ ಬಿಪಿ ನೋಡಿ, ಹಿಂದಿರುಗಿ ಅದನ್ನೇ ಪ್ರಬಂಧದ ಜೀವಾಳ ಮಾಡಿಕೊಳ್ಳುವ ಮಕ್ಕಳಿದ್ದಾರೆ. ಅವರ ಮನಸ್ಸು ಒಳ್ಳೆಯದು. ಆದರೆ ಬರಹದಲ್ಲಿ ಹಳ್ಳಿಯವರಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಅವರು ಬಡವರು, ಆದರೂ ನಗುತ್ತಿದ್ದರು, ಅಷ್ಟೇ. ಆ ಊರಿಗೆ ಶಿಬಿರ ಮುಗಿದ ಮರುದಿನವೂ ಬರುವ ಆರೋಗ್ಯ ಸಹಾಯಕಿ ಇರುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರವಿರುತ್ತದೆ. ಪ್ರಬಂಧದಲ್ಲಿ ಅವರ್ಯಾರೂ ಕಾಣುವುದಿಲ್ಲ. ಅಮೆರಿಕದ ಕಾಲೇಜುಗಳ ಸಂಘವೇ 2011ರಲ್ಲಿ ಹೊರದೇಶಗಳಲ್ಲಿ ರೋಗಿಗಳ ನಡುವೆ ಕೆಲಸ ಮಾಡುವ ವಿದ್ಯಾರ್ಥಿಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅದರ ತಿರುಳು ಸರಳ: ತರಬೇತಿಯಿಲ್ಲದ ನಿಮಗೆ ನಿಮ್ಮ ದೇಶದಲ್ಲಿ ಯಾವ ಕೆಲಸಕ್ಕೆ ಅವಕಾಶವಿಲ್ಲವೋ ಅದನ್ನು ಬೇರೆ ದೇಶದ ಬಡವರ ಮೇಲೆ ಮಾಡಬೇಡಿ. ‘ನಾನೇ ಹೊಲಿಗೆ ಹಾಕಿದೆ’ ಎಂದು ಹೆಮ್ಮೆಯಿಂದ ಬರೆದ ವಾಕ್ಯ ಅರ್ಜಿಯನ್ನು ಕೆಡಿಸಬಹುದು. ಅದು ನ್ಯಾಯವೂ ಹೌದು.

ಆದ್ದರಿಂದ ನಾನು ಮಕ್ಕಳಿಗೆ ಹೇಳುವ ನಿಯಮ ಒಂದೇ. ನಿಮ್ಮ ಪ್ರಬಂಧದಲ್ಲಿರುವ ವ್ಯಕ್ತಿ ಅದನ್ನು ಓದಿದರೆ ‘ಹೌದು, ಇದು ನಡೆದದ್ದೇ, ನನ್ನನ್ನು ಮರ್ಯಾದೆಯಿಂದ ಕಂಡಿದ್ದೀಯ’ ಎನ್ನಬೇಕು. ಹೆಸರು, ಊರು, ಕಾಯಿಲೆಯ ಗುರುತು ಸಿಗುವಂಥ ವಿವರಗಳನ್ನು ತೆಗೆಯಿರಿ. ಮನೆಯವರ ವಿಷಯವಾದರೆ ಮೊದಲು ಅವರನ್ನು ಕೇಳಿ.

5. ಉತ್ತರ ಯಾರದು?

ಈ ಪದ್ಧತಿಯ ದೌರ್ಬಲ್ಯವನ್ನೂ ಹೇಳಲೇಬೇಕು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ತನ್ನ ಅರ್ಜಿಯಲ್ಲಿ ಆತ್ಮಕಥನದ ಪ್ರಶ್ನೆಗಳನ್ನು ಕೇಳುತ್ತಿತ್ತು, ಅವುಗಳ ಬೆಲೆಯನ್ನು ತಾನೇ ಪರೀಕ್ಷೆಗೂ ಒಡ್ಡಿತು. 2006ರಲ್ಲಿ ಪ್ರಕಟವಾದ ಅಲ್ಲಿನವರ ಅಧ್ಯಯನವೊಂದು ಮೌಲ್ಯಮಾಪನದ ರೀತಿಯನ್ನು ನೋಡಿತು. ಒಬ್ಬ ಅಭ್ಯರ್ಥಿಯ ಎಲ್ಲ ಉತ್ತರಗಳನ್ನೂ ಒಬ್ಬರೇ ಓದಿದರೆ ಮೊದಲ ಉತ್ತರದ ಪ್ರಭಾವ ಉಳಿದವುಗಳಿಗೂ ಹರಿಯುತ್ತದೆ. ಅದರ ಬದಲು ಒಬ್ಬರು ಒಂದೇ ಪ್ರಶ್ನೆಗೆ ಎಲ್ಲರೂ ಬರೆದ ಉತ್ತರಗಳನ್ನು ಓದಿದಾಗ, ಅಂಕಗಳು ಸಂದರ್ಶನದ ಫಲಿತಾಂಶಕ್ಕೆ ಹೆಚ್ಚು ಹತ್ತಿರವಾದವು. ಮನೆಯಲ್ಲಿ ಕೂತು ಬರೆದದ್ದನ್ನು ಎಷ್ಟರಮಟ್ಟಿಗೆ ಅಭ್ಯರ್ಥಿಯೇ ಬರೆದಿರುತ್ತಾನೆ ಎಂಬ ಪ್ರಶ್ನೆಯನ್ನು ಮರುವರ್ಷದ ಇನ್ನೊಂದು ಅಧ್ಯಯನ ಎತ್ತಿಕೊಂಡಿತು. ಹಲವು ಕಿರು ಸಂದರ್ಶನಗಳ ಸರಣಿ, ಕಾಲಮಿತಿಯ ಆನ್‌ಲೈನ್ ಸನ್ನಿವೇಶ ಪರೀಕ್ಷೆ ಇವೆರಡೂ ಬೆಳೆದದ್ದು ಅದೇ ವಿಶ್ವವಿದ್ಯಾಲಯದಲ್ಲಿ. ನಾವು ಮೆಚ್ಚಬೇಕಾದ ಗುಣ ಇದು. ವಿದ್ಯಾರ್ಥಿಗೆ ಆತ್ಮಾವಲೋಕನ ಮಾಡು ಎನ್ನುವ ಸಂಸ್ಥೆ ತನ್ನನ್ನೂ ಅವಲೋಕಿಸಿಕೊಂಡಿತು.

ಉತ್ತರ ಬರೆದವರು ಯಾರು ಎಂಬ ಆತಂಕ ಈಗ ಇಮ್ಮಡಿಯಾಗಿದೆ. ಹಣವಿದ್ದವರಿಗೆ ಪ್ರಬಂಧ ತಿದ್ದಿಕೊಡುವ ಸಲಹೆಗಾರರಿದ್ದಾರೆ, ಎಲ್ಲರ ಕೈಯಲ್ಲೂ ಕೃತಕ ಬುದ್ಧಿಮತ್ತೆ ಇದೆ. ವಿಚಾರ ಮಥನಕ್ಕೆ, ತಿದ್ದುಪಡಿಗೆ ಅದನ್ನು ಬಳಸಬಹುದು, ಆದರೆ ಕೊನೆಗೆ ಸಲ್ಲಿಸುವುದು ನಿಮ್ಮದೇ ಕೆಲಸ, ನಿಮ್ಮದೇ ಅನುಭವ ಎಂದು ದೃಢೀಕರಿಸಬೇಕು ಎಂಬುದು ಎಎಂಸಿಎಎಸ್ ನಿಲುವು. ಒಪ್ಪತಕ್ಕದ್ದೇ. ಯಂತ್ರವೂ ಸಲಹೆಗಾರರೂ ವಾಕ್ಯವನ್ನು ನಯಗೊಳಿಸಬಲ್ಲರು. ಏಕಾದಶಿಯ ದಿನ ಅಜ್ಜಿ ಮಾತ್ರೆ ನುಂಗುವುದಿಲ್ಲ ಎಂಬ ಸಂಗತಿಯನ್ನು ಅವರು ಕೊಡಲಾರರು. ಅದು ಸಿಗುವುದು ಅಜ್ಜಿಯನ್ನು ಕೇಳಿದವನಿಗೆ ಮಾತ್ರ.

6. ನಮ್ಮಲ್ಲಿ

ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟಿಗೆ ಈ ಪ್ರಶ್ನೆಗಳಿಲ್ಲ. 720 ಅಂಕಗಳ ನೀಟ್, ಆಮೇಲೆ ಕೌನ್ಸೆಲಿಂಗ್. ಲಕ್ಷಾಂತರ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ, ವಶೀಲಿಯ ಭಯ ಸದಾ ಇರುವ ಸಮಾಜದಲ್ಲಿ, ಹೆಸರು ನೋಡದ ಅಂಕಕ್ಕೆ ಒಂದು ನ್ಯಾಯವಿದೆ. ಪ್ರವೇಶದ ಬಾಗಿಲಲ್ಲಿ ಪ್ರಬಂಧ ತನ್ನಿ ಎಂದು ನಾನು ಹೇಳಲಾರೆ. ಹಾಗೆ ತಂದರೆ ಮರುವರ್ಷವೇ ಪ್ರಬಂಧದ ಕೋಚಿಂಗ್ ಕೇಂದ್ರಗಳು ತೆರೆಯುತ್ತವೆ.

ಆದರೆ ಬಾಗಿಲು ದಾಟಿ ಒಳಗೆ ಬಂದವರನ್ನು ಈ ಪ್ರಶ್ನೆ ಕೇಳಲು ನಮಗೆ ಈಗಾಗಲೇ ಅವಕಾಶವಿದೆ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಏಟ್‌ಕಾಮ್ ಎಂಬ ಭಾಗವಿದೆ. ಮನೋಭಾವ, ನೀತಿ, ಸಂವಹನ ಇವನ್ನು ಕಲಿಸುವುದು ಅದರ ಕೆಲಸ. ಕಂಡದ್ದನ್ನು, ಅದರಿಂದ ತನಗೆ ತಿಳಿದದ್ದನ್ನು ಬರೆಯುವ ಅಭ್ಯಾಸವೂ ಅದರಲ್ಲಿ ಸೇರಿದೆ. ಮೊದಲ ವರ್ಷದ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಜಾಗವಿದೆ. ಇವು ರೆಕಾರ್ಡ್ ಬುಕ್ಕಿನಂತೆ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದು ಸಹಿ ಹಾಕಿಸುವ ಕೆಲಸವಾಗಿಬಿಟ್ಟರೆ ನಷ್ಟ ನಮ್ಮ ರೋಗಿಗಳದು.

ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಮೂರು. ಒಂದು, ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿ. ‘ಸಹಾನುಭೂತಿಯ ಮಹತ್ವ ಬರೆಯಿರಿ’ ಎಂದರೆ ಗೈಡಿನ ಉತ್ತರ ಬರುತ್ತದೆ. ‘ಈ ವಾರ ವಾರ್ಡಿನಲ್ಲಿ ಯಾರ ಮಾತನ್ನು ನೀವು ಮೊದಲು ತಪ್ಪಾಗಿ ತಿಳಿದಿರಿ, ಸರಿಯಾಗಿ ತಿಳಿದದ್ದು ಹೇಗೆ’ ಎಂದು ಕೇಳಿದರೆ ವಿದ್ಯಾರ್ಥಿ ಮತ್ತೆ ಆ ರೋಗಿಯ ಮಂಚದ ಬಳಿ ಹೋಗಲೇಬೇಕಾಗುತ್ತದೆ. ಎರಡು, ಕನ್ನಡದಲ್ಲಿ ಬರೆಯಲು ಬಿಡಿ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿ ಮಾತಾಡುವುದು ಕನ್ನಡದಲ್ಲಿ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಹಿಡಿದಿಡಲು ವಿದ್ಯಾರ್ಥಿಗೆ ಅನುಮತಿ ಇರಲಿ. ಮೂರು, ಬರೆದದ್ದನ್ನು ಓದಿ, ಎರಡು ಸಾಲು ಉತ್ತರ ಬರೆಯಿರಿ. ಯಾರೂ ಓದುವುದಿಲ್ಲವೆಂದು ಗೊತ್ತಾದ ದಿನ ಆತ್ಮಾವಲೋಕನ ನಿಲ್ಲುತ್ತದೆ, ನಕಲು ಶುರುವಾಗುತ್ತದೆ.

ಮಕ್ಕಳನ್ನು ಹೊರದೇಶಕ್ಕೆ ಕಳಿಸಲಿರುವ, ಅಲ್ಲಿ ಬೆಳೆಸುತ್ತಿರುವ ತಂದೆತಾಯಂದಿರಿಗೂ ಒಂದು ಮಾತು. ಪ್ರಬಂಧವನ್ನು ನೀವು ಬರೆದುಕೊಡಬೇಡಿ, ಬರೆಸಿಯೂ ಕೊಡಬೇಡಿ. ಅದರ ಬದಲು ಅರ್ಜಿಗಿಂತ ಎರಡು ಮೂರು ವರ್ಷ ಮೊದಲೇ ಮಗುವಿಗೆ ಒಂದು ನಿಜವಾದ ಹೊಣೆ ಕೊಡಿ. ಮನೆಯ ಹಿರಿಯರ ಔಷಧಿಯ ಲೆಕ್ಕ, ವೃದ್ಧಾಶ್ರಮದಲ್ಲಿ ವಾರಕ್ಕೊಂದು ಸಂಜೆ, ನೆರೆಯ ಮಗುವಿಗೆ ಪಾಠ, ಯಾವುದಾದರೂ ಸರಿ. ಪ್ರಮಾಣಪತ್ರ ಸಿಗದ ಕೆಲಸವಾದರೂ ಚಿಂತೆಯಿಲ್ಲ. ಬಿಡದೆ ಮಾಡುವ ಕೆಲಸವಾಗಿರಲಿ. ಆ ಮಗು ಮುಂದೆ ಪ್ರಶ್ನೆಯನ್ನು ಓದಿದಾಗ ಹೇಳುವುದಕ್ಕೆ ಅದರ ಬಳಿ ಏನಾದರೂ ಇರುತ್ತದೆ. ಒಂದು ವೇಳೆ ಸೀಟು ಸಿಗದೇ ಹೋದರೂ ಯಾರಿಗೋ ಆದ ಉಪಕಾರ ಉಳಿಯುತ್ತದೆ.

ಇಲ್ಲಿರುವ ವೈದ್ಯಕೀಯ ವಿದ್ಯಾರ್ಥಿಗಳು ನಾಳೆ ವಾರ್ಡಿಗೆ ಹೋದಾಗ ಒಬ್ಬ ರೋಗಿಯ ಮಾತನ್ನು ಕೊನೆಯವರೆಗೂ ಕೇಳಿ, ಸಂಜೆ ಅದನ್ನು ಹತ್ತು ಸಾಲಿನಲ್ಲಿ ಬರೆದಿಟ್ಟರೆ ಈ ದತ್ತಿಯ ಆಶಯ ನೆರವೇರಿತು ಎಂದು ತಿಳಿಯುತ್ತೇನೆ.